ಜಯದೇವ ವೃತ್ತದ ಹತ್ತಿರದ ಹಳೇ ಪುಸ್ತಕದಂಗಡಿ: ಐದಕ್ಕೆ ನಾಲ್ಕು ಸ್ಟಾರ್

ದಾವಣಗೆರೆಯಲ್ಲಿ ಗೈಡು, ಪಠ್ಯಪುಸ್ತಕ ಬಿಟ್ಟು ಬೇರೆ ಹಳೇ ಪುಸ್ತಕ ಬೇಕಂದ್ರೆ ಇಲ್ಲಿಗೆ ಹೋಗಿ. ಅಮ್ಮ ತೀರಿಕೊಂಡ ಮೇಲೆ ನನಗೆ ಮನಸ್ಸು ಎಲ್ಲೂ ನಿಲ್ತಿರಲಿಲ್ಲ. ಅಂಗಡಿಯ ಅಜ್ಜ ಯಹೂದಿ ಧರ್ಮದ ಬಗ್ಗೆ ಒಂದು ಪುಸ್ತಕ ಕೈಗಿಟ್ಟು, "ಕೂತು ಓದಪ್ಪ, ಹಿಡಿಸಿದ್ರೆ ತಗಂಡು ಹೋಗು" ಅಂದರು. 60 ರೂಪಾಯಿ. ಬೈಂಡ್ ಕಿತ್ತಿದೆ, ಸಾವು-ಶೋಕದ ಅಧ್ಯಾಯದ ಅಂಚಲ್ಲಿ ಮಾತ್ರ ಯಾರೋ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದಾರೆ.

ನನ್ನನ್ನು ಹಿಡಿದಿಟ್ಟಿದ್ದೂ ಅದೇ ಅಧ್ಯಾಯ. ಸತ್ತವರ ಮನೆಯವರು 7 ದಿನ ತಗ್ಗಿನ ಪೀಠದ ಮೇಲೆ ಕೂರುತ್ತಾರಂತೆ. ನೋಡೋಕೆ ಬಂದವರು, ಮನೆಯವರೇ ಬಾಯಿ ಬಿಡುವ ತನಕ ಸುಮ್ಮನಿರಬೇಕು. ಸಮಾಧಾನದ ಮಾತು ಕೇಳಿ ಕೇಳಿ ಸುಸ್ತಾದವರಿಗೆ ಇದರ ಬೆಲೆ ಗೊತ್ತು. ತಂದೆತಾಯಿಗಾಗಿ 11 ತಿಂಗಳು ಹೇಳುವ ಕದ್ದಿಶ್ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಇಲ್ಲ, ಬರೀ ದೇವರ ಸ್ತುತಿ. ಅದನ್ನೂ ಒಬ್ಬರೇ ಹೇಳುವಂತಿಲ್ಲ, 10 ಜನ ಸೇರಬೇಕು. ಹಿಟ್ಲರನ ಕಾಲದಲ್ಲಿ ಸುಮಾರು 60 ಲಕ್ಷ ಜನರನ್ನು ಕಳಕೊಂಡ ಮೇಲೂ ಯಹೂದಿಗಳು ಇದನ್ನು ಬಿಟ್ಟಿಲ್ಲ. ನನಗೆ ಧೈರ್ಯ ಬಂದಿದ್ದು ಇಲ್ಲಿ.

ಅಂಗಡಿ ಒಳಗೆ ಬೆಳಕು ಕಮ್ಮಿ, ಫೋನ್‌ಪೇ ಇಲ್ಲ. ಚಿಲ್ಲರೆ ಇಟ್ಕೊಂಡು ಹೋಗಿ.