ದೋಣಿ ಅದಲುಬದಲೋ, ಬಾಡಿಗೆಯೋ?

ಸ್ವಂತ ದೋಣಿಯನ್ನು ಬೇರೆ ಊರಿನ ದೋಣಿ ಮಾಲೀಕರೊಬ್ಬರ ದೋಣಿಯೊಂದಿಗೆ ಕೆಲದಿನ ಅದಲುಬದಲು ಮಾಡಿಕೊಳ್ಳುವುದೋ, ಬಾಡಿಗೆಗೆ ಕೊಡುವುದೋ? ಹೊಸ ನೀರು ನೋಡುವ ಆಸೆಯಿದ್ದರೆ ನನ್ನ ಮತ ಅದಲುಬದಲಿಗೆ. ದೋಣಿ ವರ್ಷದ ಬಹುಪಾಲು ಕಟ್ಟಿಹಾಕಿಯೇ ಇರುತ್ತದೆ ಎಂದಾದರೆ ಬಾಡಿಗೆಗೆ.

ಅದಲುಬದಲಿನಲ್ಲಿ ಹಣದ ಮಾತಿಲ್ಲ. ಇನ್ನೊಬ್ಬ ಮಾಲೀಕರ ದೋಣಿ ನಿಮ್ಮ ಕೈಯಲ್ಲಿರುವುದರಿಂದ ನಿಮ್ಮದನ್ನೂ ಅವರು ಜೋಪಾನ ಮಾಡುತ್ತಾರೆ. ತೊಡಕಿರುವುದು ಹೊಂದಾಣಿಕೆಯಲ್ಲಿ: ಇಬ್ಬರಿಗೂ ಒಂದೇ ವಾರ ಬಿಡುವಿರಬೇಕು, ದೋಣಿಗಳೂ ಸರಿಸುಮಾರು ಒಂದೇ ಬಗೆಯವಾಗಿರಬೇಕು. ಹಾಯಿದೋಣಿಗೆ ಒಗ್ಗಿದವರಿಗೆ ಎರಡು ಎಂಜಿನ್‌ನ ದೊಡ್ಡ ಮೋಟಾರ್ ದೋಣಿ ಕೊಟ್ಟರೆ, ದೋಣಿಕಟ್ಟೆಗೆ ತಂದು ನಿಲ್ಲಿಸುವಷ್ಟರಲ್ಲೇ ಬೆವರಿಳಿಯುತ್ತದೆ.

ಬಾಡಿಗೆಯಲ್ಲಿ ದಿನಾಂಕದ ರಗಳೆ ಕಡಿಮೆ, ನಿಲುಗಡೆ ಶುಲ್ಕದ ಒಂದು ಪಾಲಾದರೂ ಗಿಟ್ಟೀತು. ಆದರೆ ಸ್ವಂತ ವಿಹಾರಕ್ಕೆಂದು ಮಾಡಿಸಿದ ವಿಮೆ ಸಾಮಾನ್ಯವಾಗಿ ಬಾಡಿಗೆ ಬಳಕೆಯನ್ನು ಹೊರಗಿಡುತ್ತದೆ. ಹಣ ಪಡೆದರೆ ವಾಣಿಜ್ಯ ದೋಣಿಗಳ ನಿಯಮವೂ ಅನ್ವಯಿಸಬಹುದು. ಅದಲುಬದಲಿಗೂ ವಿಮಾ ಕಂಪನಿಯ ಲಿಖಿತ ಒಪ್ಪಿಗೆ ಪಡೆಯಿರಿ. ಸ್ನೇಹಕ್ಕೆ ಕೊಟ್ಟೆ ಎಂದರೆ ವಿಮೆಯವರು ಕರಗುವವರಲ್ಲ.

ಎರಡರಲ್ಲೂ ಹಸ್ತಾಂತರದ ದಿನ ಅವಸರ ಬೇಡ. ಎಂಜಿನ್ ಚಾಲೂ ಮಾಡಿ ತಂಪುಗೊಳಿಸುವ ನೀರು ಹೊರಬೀಳುತ್ತಿದೆಯೇ ನೋಡಿ, ತಳದ ನೀರೆತ್ತುವ ಪಂಪ್ ಓಡಿಸಿ, ಇಂಧನದ ಮಟ್ಟ ಬರೆದಿಡಿ, ಹಳೆಯ ಗೀರುಗಳ ಫೋಟೊ ತೆಗೆಯಿರಿ. ಬಾಡಿಗೆಗೆ ಠೇವಣಿ ಬೇಕೇ ಬೇಕು. ಅದಲುಬದಲಿನಲ್ಲಿ ಅದನ್ನು ಕೇಳಲು ಸಂಕೋಚವಾಗುತ್ತದೆ, ಆದರೂ ಕೇಳಿಬಿಡಿ.