ಕೊಳದ ಆಮ್ಲಜನಕ ಅಳೆಯಲು ಗಾಲ್ವನಿಕ್ ಸೆನ್ಸರ್ ಕೊಳ್ಳಬೇಕೇ, ಆಪ್ಟಿಕಲ್ ಸೆನ್ಸರ್ ಕೊಳ್ಳಬೇಕೇ?

ಮೀನು ಸಾಕಣೆಯ ಕೊಳದಲ್ಲಿ ಮೊದಲು ಅಳೆಯಬೇಕಾದದ್ದು ನೀರಿನಲ್ಲಿ ಕರಗಿರುವ ಆಮ್ಲಜನಕ. ರಾತ್ರಿಯಿಡೀ ಪಾಚಿ, ಮೀನು, ತಳದ ಕೆಸರು ಮೂರೂ ಅದನ್ನು ಬಳಸುವುದರಿಂದ ಸೂರ್ಯೋದಯಕ್ಕೆ ತುಸು ಮುಂಚೆ ಅದು ಅತಿ ಕಡಿಮೆಯಾಗಿರುತ್ತದೆ. ಬೆಚ್ಚನೆಯ ನೀರಿನ ಮೀನುಗಳಿಗೆ ಲೀಟರಿಗೆ ಸುಮಾರು 5 ಮಿಲಿಗ್ರಾಂ ಇದ್ದರೆ ಚಿಂತೆಯಿಲ್ಲ.

ಗಾಲ್ವನಿಕ್ ಸೆನ್ಸರ್‌ನಲ್ಲಿ ತೆಳು ಪೊರೆಯ ಮೂಲಕ ಒಳಬಂದ ಆಮ್ಲಜನಕವು ವಿದ್ಯುದ್ವಾರದ ಮೇಲೆ ಖರ್ಚಾಗಿ ವಿದ್ಯುತ್ ಹುಟ್ಟಿಸುತ್ತದೆ. ಹೀಗಾಗಿ ನಿಂತ ನೀರಿನಲ್ಲಿ ಪೊರೆಯ ಬಳಿಯ ಆಮ್ಲಜನಕ ತೀರಿ, ವಾಸ್ತವಕ್ಕಿಂತ ಕಡಿಮೆ ಅಂಕಿ ಬರುತ್ತದೆ. ಅಳೆಯುವಾಗ ಸೆನ್ಸರನ್ನು ನೀರಿನಲ್ಲಿ ಮೆಲ್ಲನೆ ಆಡಿಸುತ್ತಿರಬೇಕು. ಪೊರೆಯನ್ನೂ ಒಳಗಿನ ದ್ರಾವಣವನ್ನೂ ಆಗಾಗ ಬದಲಿಸಬೇಕು. ಬೆಲೆ ಮಾತ್ರ ಸಾಮಾನ್ಯವಾಗಿ ಕಡಿಮೆ.

ಆಪ್ಟಿಕಲ್ ಸೆನ್ಸರ್, ಬೆಳಕು ಬಿದ್ದಾಗ ಹೊಳೆಯುವ ಲೇಪನದ ಹೊಳಪನ್ನು ಆಮ್ಲಜನಕವು ಎಷ್ಟು ತಗ್ಗಿಸುತ್ತದೆ ಎಂಬುದನ್ನು ಅಳೆಯುತ್ತದೆ. ಆಮ್ಲಜನಕ ಖರ್ಚಾಗದ ಕಾರಣ ನೀರು ಹರಿಯಲೇಬೇಕೆಂದಿಲ್ಲ, ಕ್ಯಾಲಿಬ್ರೇಷನ್ (ಅಂಕಿ ಸರಿಬರುವಂತೆ ಮಾಡಿದ ಹೊಂದಾಣಿಕೆ) ಕೂಡ ಬೇಗ ಕೆಡುವುದಿಲ್ಲ. ಲೇಪನದ ಮುಚ್ಚಳ ಸವೆದಾಗ ಹೊಸದು ಹಾಕಬೇಕು, ಅದು ಅಗ್ಗವಲ್ಲ.

ದಿನಕ್ಕೆರಡು ಬಾರಿ ಕೈಯಲ್ಲಿ ಹಿಡಿದು ಅಳೆಯುವವರಿಗೆ ಗಾಲ್ವನಿಕ್ ಸಾಕೆಂಬುದು ನನ್ನ ಅಭಿಪ್ರಾಯ. ಆದರೆ ಸೆನ್ಸರ್ ಹಗಲಿರುಳು ಕೊಳದಲ್ಲೇ ಇದ್ದು, ಆಮ್ಲಜನಕ ಇಳಿದ ಕೂಡಲೇ ನೀರಿಗೆ ಗಾಳಿ ಬೆರೆಸುವ ಏರೇಟರ್ ತಾನಾಗಿ ಚಾಲೂ ಆಗಬೇಕೆಂದಿದ್ದರೆ ಆಪ್ಟಿಕಲ್‌ಗೆ ಹಣ ಹಾಕುವುದೇ ಸರಿ. ಅದೂ ಲೋಳೆಯಿಂದ ಪಾರಾಗದು: ಮೇವು ಹಾಕುವ ಕೊಳದಲ್ಲಿ ಕೆಲವೇ ದಿನಗಳಲ್ಲಿ ಸೆನ್ಸರ್ ತುದಿಗೆ ಲೋಳೆ ಅಂಟಿ, ಅದರಲ್ಲಿನ ಸೂಕ್ಷ್ಮಜೀವಿಗಳು ಆಮ್ಲಜನಕ ಹೀರುವುದರಿಂದ ಅಂಕಿ ಇಳಿದು, ಏರೇಟರ್ ಸುಮ್ಮನೆ ಓಡುತ್ತಿರುತ್ತದೆ. ಆದ್ದರಿಂದ ತುದಿಯನ್ನು ತಾನೇ ಒರೆಸಿಕೊಳ್ಳುವ ವೈಪರ್ ಇರುವ ಮಾದರಿಯನ್ನೇ ಕೇಳಿ ಪಡೆಯುವುದು ಒಳ್ಳೆಯದು.