ಮದೈರಾದಲ್ಲಿ ಒಂದೇ ದಿನ: ಪಶ್ಚಿಮದ ಜೀಪ್ ದಾರಿಯೋ, ಉತ್ತರದ ಕಾಲುವೆ ದಾರಿಯೋ?

ಪೋರ್ಚುಗಲ್‌ಗೆ ಸೇರಿದ ಮದೈರಾ ದ್ವೀಪದ ರಾಜಧಾನಿ ಫುಂಶಾಲ್‌ನಿಂದ ಮಾರ್ಗದರ್ಶಕರೊಡನೆ ಹೊರಡುವ ದಿನದ ಪ್ರವಾಸಗಳಲ್ಲಿ ಎರಡು ಬಗೆಯವು ಹೋಲಿಕೆಗೆ ಯೋಗ್ಯವಾಗಿವೆ.

ಪಶ್ಚಿಮದ ಪ್ರವಾಸದಲ್ಲಿ ಜೀಪಿಗೇ ಪ್ರಾಧಾನ್ಯ. ಸಮುದ್ರದಿಂದ ಸುಮಾರು 580 ಮೀಟರ್ ಎತ್ತರದ ಕಾಬೊ ಜಿರಾವ್ ಕಡಿಬಂಡೆ, ಪಾಲ್ ದ ಸೆರ್ರಾ ಪ್ರಸ್ಥಭೂಮಿ, ಪೋರ್ತು ಮೊನೀಸ್‌ನ ಲಾವಾ ಬಂಡೆಗಳ ನಡುವಿನ ಸಮುದ್ರದ ನೀರಿನ ಕೊಳಗಳು ಒಂದೇ ದಿನದಲ್ಲಿ ಸಿಗುತ್ತವೆ, ನಡಿಗೆ ಅಲ್ಪ. ಇದೇ ದಾರಿಯ ಫನಾಲ್ ಕಾಡಿನಲ್ಲಿ ಮಂಜು ಕವಿದಾಗ, ದಾಲ್ಚಿನ್ನಿಯ ಕುಟುಂಬಕ್ಕೇ ಸೇರಿದ ಮುದಿ ತಿಲ್ ಮರಗಳ ನಡುವೆ ನಿಲ್ಲುವ ಅರ್ಧ ಗಂಟೆಯೇ ಈ ಪ್ರವಾಸದ ತಿರುಳೆಂದು ನನ್ನ ಎಣಿಕೆ. ಆದರೆ ತಿರುವುಗಳು ಎಡೆಬಿಡದೆ ಬರುವುದರಿಂದ, ಘಾಟಿಯಲ್ಲಿ ಹೊಟ್ಟೆ ತೊಳೆಸುವವರು ಮುಂದಿನ ಆಸನವನ್ನು ಮೊದಲೇ ಕೇಳಿಕೊಳ್ಳುವುದು ಒಳಿತು.

ಉತ್ತರದ ಕೆಯ್ಮಾದಸ್‌ನಿಂದ ಕಾಲ್ದೆರಾವ್ ವೆರ್ದೆ ಜಲಪಾತಕ್ಕೆ ಹೋಗುವ ಪ್ರವಾಸದಲ್ಲಿ ವಾಹನ ನೆಪಮಾತ್ರ. ಮಳೆ ಹೆಚ್ಚಿರುವ ಉತ್ತರದ ನೀರನ್ನು ಹೊಲಗಳಿಗೆ ಒಯ್ಯಲು ಬಂಡೆ ಕಡಿದು ಕಟ್ಟಿದ 'ಲೆವಾದ' ಕಾಲುವೆಗಳಲ್ಲೊಂದರ ಅಂಚಿನಲ್ಲಿ, 1999ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಲಾರೆಲ್ ಕಾಡಿನ ನಡುವೆ, ಹೋಗಿಬರಲು ಸುಮಾರು 13 ಕಿ.ಮೀ. ನಡೆಯಬೇಕು. ಏರಿಳಿತ ಕಡಿಮೆ, ಆದರೂ ದಾರಿ ಕಿರಿದು, ಪಕ್ಕದಲ್ಲಿ ಪ್ರಪಾತ, ಸುರಂಗಗಳಿಗೆ ಟಾರ್ಚ್ ಅಗತ್ಯ. ತಲೆಸುತ್ತುವವರು ಇದನ್ನು ಆರಿಸಬಾರದು.

ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ಪಶ್ಚಿಮವೇ ಸರಿ. ಮೊಣಕಾಲು ಗಟ್ಟಿಯಿದ್ದು, ದಾರಿ ತೆರೆದಿದೆಯೆಂದು ಹಿಂದಿನ ದಿನವೇ ಖಚಿತವಾದರೆ, ನಾನು ಕಾಲುವೆಯನ್ನೇ ಆರಿಸುವೆ.